ವಾಲಿಯ ಮಾತು ಯಾಕೆ ಕಿವಿಯಲ್ಲಿ ಉಳಿಯುತ್ತದೆ?

ಕಳೆದ ವರ್ಷ ಇಲ್ಲೇ ಹತ್ತಿರ ಒಂದು ತಾಳಮದ್ದಳೆ ಮುಗಿದು ಎಲ್ಲರೂ ಏಳುವಾಗ ಶಾಲೆಗೆ ಹೋಗುವ ಹುಡುಗನೊಬ್ಬ ಕೇಳಿದ: "ಅಜ್ಜ, ಗೆದ್ದದ್ದು ರಾಮ ಅಲ್ವಾ? ಮತ್ತೆ ವಾಲಿಯ ಮಾತೇ ಯಾಕೆ ನೆನಪಾಗುವುದು?" ನಾನು ಏಳನೇ ಕ್ಲಾಸು ಓದಿದವ. ಆಗ ಉತ್ತರ ಬರಲಿಲ್ಲ. ತೋಟಕ್ಕೆ ನೀರು ಬಿಡುವಾಗೆಲ್ಲ ಅದನ್ನೇ ಯೋಚನೆ ಮಾಡಿದ್ದೇನೆ.

ಮೊದಲು ನಾನು ತಿಳಿದದ್ದು, ಖಳನೆಂದರೆ ವೇಷದ ಅಬ್ಬರ ಅಂತ. ಬಣ್ಣದ ವೇಷದವರು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿ ಇಡುವುದು ನೋಡಿದ್ದೇವೆ. ಅಕ್ಕಿಹಿಟ್ಟು, ಸುಣ್ಣ, ಅಷ್ಟೇ. ಆದರೆ ಆ ಮುಖ ತೆರೆಯ ಹಿಂದಿನಿಂದ ಬರುವಾಗ ಮಕ್ಕಳು ತಾಯಿಯ ಸೆರಗು ಹಿಡಿಯುತ್ತವೆ. ಆದರೆ ತಾಳಮದ್ದಳೆಯಲ್ಲಿ ಬಣ್ಣವೂ ಇಲ್ಲ, ಕಿರೀಟವೂ ಇಲ್ಲ. ನಮ್ಮ ಈ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಬರೀ ಶಾಲು ಹೊದ್ದು ಕೂತು ವಾಲಿಯ, ರಾವಣನ, ಮಾಗಧನ ಅರ್ಥ ಹೇಳಿದರೆ ಜನ ಬೆಳಗಿನವರೆಗೆ ಅಲುಗಾಡುತ್ತಿರಲಿಲ್ಲ. ಹಾಗಾದರೆ ಹಿಡಿಯುವುದು ವೇಷ ಅಲ್ಲ.

ವಾಲಿ ಕೇಳುವುದೇನು? ನಿನಗೂ ನನಗೂ ಏನು ಹಗೆ? ನಾನು ತಮ್ಮನ ಜತೆ ಕಾದುತ್ತಿದ್ದೆ, ನೀನು ಮರೆಯಲ್ಲಿ ನಿಂತು ಬಾಣ ಬಿಟ್ಟೆ. ಸೀತೆಯನ್ನು ತರಬೇಕಿದ್ದರೆ ನನಗೇ ಹೇಳಬಹುದಿತ್ತಲ್ಲ? ಈ ಪ್ರಶ್ನೆಯಲ್ಲಿ ಸುಳ್ಳಿಲ್ಲ. ಕೇಳುವವರಿಗೆ ಹೌದು ಅನ್ನಿಸುತ್ತದೆ. ಹಾಗೆ ತಲೆದೂಗುತ್ತಿರುವಾಗ ನಾವು ಒಬ್ಬಳನ್ನು ಮರೆತಿರುತ್ತೇವೆ: ರುಮೆ, ಸುಗ್ರೀವನ ಹೆಂಡತಿ. ತಮ್ಮನನ್ನು ಓಡಿಸಿ ಅವಳನ್ನು ಇಟ್ಟುಕೊಂಡದ್ದು ಇದೇ ವಾಲಿ. ಅವನ ಮಾತಿನಲ್ಲಿ ಅವಳ ಹೆಸರು ಬರುವುದಿಲ್ಲ, ರಾಮ ನೆನಪು ಮಾಡಬೇಕಾಗುತ್ತದೆ. (ಅವಳಿಗೇ ಒಂದು ಅರ್ಥ ಹೇಳಲು ಕೊಟ್ಟರೆ ಹೇಗಿರುತ್ತದೋ!)

ಒಳ್ಳೆಯ ಖಳನ ಗುಟ್ಟು ಇದೇ ಎಂದು ನನಗೆ ಕಾಣುತ್ತದೆ. ಅವನು ಹೇಳುವುದೆಲ್ಲ ನ್ಯಾಯವೇ. ಪೆಟ್ಟು ತಿಂದವರನ್ನು ಮಾತ್ರ ಬಿಟ್ಟು ಹೇಳುತ್ತಾನೆ. ರನ್ನನ ದುರ್ಯೋಧನನಿಗಾಗಿ ಕಣ್ಣೀರು ಬರುತ್ತದೆಂದು ಮಾಸ್ತರರು ಹೇಳುತ್ತಾರೆ. ಬರಲಿ, ತಪ್ಪಲ್ಲ. ಆದರೆ ಅಳುವಾಗಲೂ ದ್ರೌಪದಿ ನೆನಪಿರಬೇಕು.

ಇನ್ನು ನಾನು ಹಾಡುವ ಪಾಡ್ದನಕ್ಕೆ ಬರುತ್ತೇನೆ. ಕೋಟಿ ಚೆನ್ನಯರ ಕಥೆಯ ಬುದ್ಯಂತನಿಗೆ ಹತ್ತು ತಲೆ ಇಲ್ಲ. ಪಡುಮಲೆಯಲ್ಲಿ ಅವನು ಮಾಡಿದ್ದು ಗದ್ದೆ ನೀರಿನ ತಕರಾರು. ರಾವಣನ ಹಾಗೆ ನಾವು ಯಾರೂ ಲಂಕೆ ಆಳುವುದಿಲ್ಲ, ಆದರೆ ಹುಣಿ ಕಡಿಯುವ ಹಾರೆ ಎಲ್ಲರ ಮನೆಯಲ್ಲೂ ಇದೆ. ಅದಕ್ಕೇ ಬುದ್ಯಂತ ಬಂದಾಗ ಕೇಳುವವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನಾನೂ ಒಂದು ಬೇಸಗೆಯಲ್ಲಿ ಬುದ್ಯಂತನಾದೆ. ವಿಷು ಕಳೆದಿತ್ತು, ತೋಡಿನಲ್ಲಿ ನೀರು ಬೆರಳು ದಪ್ಪ. ಸರದಿ ಕೆಳಗಿನ ತೋಟದವನದ್ದು. ರಾತ್ರಿ ಹೋಗಿ ನಾಲ್ಕು ಕಲ್ಲು ಇಟ್ಟು, ಮಣ್ಣು ಮೆತ್ತಿ, ನನ್ನ ಕಡೆಗೆ ತಿರುಗಿಸಿದೆ. ನನಗೂ ಕಾರಣ ಇತ್ತು: ನನ್ನದು ಎಳೆಯ ಕಂಗು, ಬ್ಯಾಂಕಿನ ಸಾಲ, ಅವನಿಗಾದರೆ ಕೊಳವೆಬಾವಿ ಉಂಟು. ಒಂದೂ ಸುಳ್ಳಲ್ಲ. ಬೆಳಿಗ್ಗೆ ಅವನು ಬಂದು, "ಅಣ್ಣ, ನೀರು ಯಾಕೆ ಇಳಿಯುವುದಿಲ್ಲ?" ಎಂದು ಕೇಳಿದ. "ಬಿಸಿಲು ಮಾರಾಯ, ತೋಡೇ ಬತ್ತಿದೆ" ಎಂದೆ.

ಅದೇ ವಾರ ಒಂದು ಮನೆಯಲ್ಲಿ ಪಾಡ್ದನಕ್ಕೆ ಕರೆದಿದ್ದರು. ಬುದ್ಯಂತನ ಭಾಗ ಅಷ್ಟು ಚೆನ್ನಾಗಿ ನಾನು ಹಾಡಿದ್ದೇ ಇಲ್ಲ. ಊಟಕ್ಕೆ ಕೂತಾಗ ಅವನೇ ಹತ್ತಿರ ಬಂದು, "ಅಣ್ಣ, ಬುದ್ಯಂತ ಇವತ್ತು ಭಾರೀ ಒಳ್ಳೆದಾಯಿತು" ಎಂದ. ಗೊತ್ತಿದ್ದು ಹೇಳಿದನೋ, ಗೊತ್ತಿಲ್ಲದೆಯೋ.

ಆ ರಾತ್ರಿಯೇ ಹೋಗಿ ಕಲ್ಲು ತೆಗೆದೆ. ಅವನಿಗೆ ಏನೂ ಹೇಳಲಿಲ್ಲ. ಈ ಪುಸ್ತಕ ಅವನ ಮನೆಗೂ ಹೋಗುತ್ತದೆ.