ಓಗೊಡುವವರಾರು?

ಒಬ್ಬರು ಕರೆದಾಗ ಹಲವರು ಕೇಳಿಸಿಕೊಂಡರೆ ಓಗೊಡುವ ಹೊಣೆ ಯಾರದು? ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ಕಾಣುವುದು. ಆದರೆ ಗೃಹಸ್ಥಧರ್ಮದ ಬಹುಭಾಗವು ಇದರೊಳಗೆ ಅಡಗಿದೆಯೆಂದು ಈಚೆಗೆ ನನಗೆ ಮನವರಿಕೆಯಾದುದರಿಂದ, ವಾಚಕ ಮಹಾಶಯರ ಮುಂದೆ ಇದನ್ನು ವಿಚಾರಕ್ಕಿಡಲು ಸಾಹಸಮಾಡಿರುತ್ತೇನೆ. ಈ ಜಿಜ್ಞಾಸೆಗೆ ನನ್ನನ್ನು ಎಳೆದುತಂದುದು ಶಾಸ್ತ್ರಗ್ರಂಥವಲ್ಲ, ಮಾತನಾಡುವ ಯಂತ್ರ.

ಮಾತಿಗೆ ಮಾತು ಕೊಡುವ ಯಂತ್ರಗಳು ಈಗ ಅನೇಕ ಗೃಹಗಳಲ್ಲಿ ನೆಲೆಸಿರುವುವು. ಅಮೇರಿಕಾದ ಅಮೆಜಾನ್ ಸಂಸ್ಥೆಯವರು ಎಕೋ ಎಂಬುದನ್ನು ೨೦೧೪ರಲ್ಲಿಯೂ, ಗೂಗಲ್ ಸಂಸ್ಥೆಯವರು ತಮ್ಮದನ್ನು ೨೦೧೬ರಲ್ಲಿಯೂ ಹೊರತಂದರು. ೨೦೧೭-೧೮ರಲ್ಲಿ ಇವೆರಡೂ ನಮ್ಮ ದೇಶಕ್ಕೆ ಬಂದುವು. ಮನೆಗೆ ಒಂದಿದ್ದಾಗ ತೊಡಕಿರಲಿಲ್ಲ. ಪಡಸಾಲೆಗೊಂದು, ಅಡಿಗೆಮನೆಗೊಂದು, ಮಲಗುವ ಕೋಣೆಗೊಂದು ಆದಮೇಲೆ, ಒಂದು ಸಲ ಕೂಗಿದರೆ ಮೂರೂ ಏಕಕಾಲದಲ್ಲಿ ಉತ್ತರವೀಯುವ ಗೊಂದಲವುಂಟಾಯಿತು. ಇದರ ಪರಿಹಾರಾರ್ಥವಾಗಿ ಅಮೆಜಾನಿನವರು ೨೦೧೬ರಲ್ಲಿ ಒಂದು ಏರ್ಪಾಡನ್ನು ಪ್ರಕಟಿಸಿದರು. ಕರೆಯುವ ಹೆಸರು ಕಿವಿಗೆ ಬಿದ್ದೊಡನೆ ಪ್ರತಿಯೊಂದು ಯಂತ್ರವೂ ತನಗೆ ಧ್ವನಿಯು ಎಷ್ಟು ಸ್ಫುಟವಾಗಿ ಕೇಳಿಸಿತೆಂದು ಲೆಕ್ಕಹಾಕುವುದು. ಆ ಲೆಕ್ಕಗಳನ್ನು ಹೋಲಿಸಿ, ಯಾವುದಕ್ಕೆ ಅತ್ಯಂತ ಸ್ಪಷ್ಟವಾಗಿ ಕೇಳಿಸಿತೋ ಅದೊಂದೇ ಮಾತನಾಡುವುದು, ಉಳಿದುವು ಸುಮ್ಮನಾಗುವುವು. ಆಪಲ್ ಸಂಸ್ಥೆಯ ಉಪಕರಣಗಳೂ ತಮ್ಮತಮ್ಮೊಳಗೆ ನಿಸ್ತಂತುವಾಗಿ ವಿಚಾರಿಸಿಕೊಂಡು ಒಂದನ್ನೇ ಮುಂದೆ ಬಿಡುವುವು.

ಅಂತೂ ಬಹುಮಟ್ಟಿಗೆ ಸಾಮೀಪ್ಯವೇ ಇವುಗಳಿಗೆ ಪ್ರಮಾಣ. ಈ ನಿಯಮವು ಸಮಂಜಸವೇ? ಯಾವ ಅಂಗವು ಯಾವ ಕರ್ಮಕ್ಕೆ ಸೇರತಕ್ಕದ್ದೆಂಬ ನಿರ್ಣಯಕ್ಕಾಗಿ ಜೈಮಿನಿ ಮಹರ್ಷಿಯು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರು ಪ್ರಮಾಣಗಳನ್ನು ಹೇಳಿ, ಮೊದಲಿನದಕ್ಕಿಂತ ಅನಂತರದ್ದು ದುರ್ಬಲವೆಂದು ಕ್ರಮವಿಟ್ಟಿರುವನು. ಸ್ಥಾನವೆಂದರೆ ಸಾಮೀಪ್ಯ, ಅದಕ್ಕೆ ದೊರೆತ ಪೀಠವು ಐದನೆಯದು. ಸಾಕ್ಷಾತ್ತಾಗಿ ಉಚ್ಚರಿಸಿದ ಮಾತೇ ಮೊದಲನೆಯದು. ಯಂತ್ರಗಳ ಅನುಭವವೂ ಇದನ್ನು ಸ್ಥಿರಪಡಿಸುವುದು. ತೆರೆದ ಬಾಗಿಲಿನಿಂದ ಧ್ವನಿಯು ಹಾದು ಪಕ್ಕದ ಕೋಣೆಯ ಯಂತ್ರಕ್ಕೇ ಚೆನ್ನಾಗಿ ಕೇಳಿಸಿದರೆ ಹತ್ತಿರದ್ದು ಮೂಕವಾಗುವುದುಂಟು. ಆಗ ಬಲ್ಲವರು ಒಂದೊಂದನ್ನು ಒಂದೊಂದು ಹೆಸರಿನಿಂದ ಕರೆಯುವ ಏರ್ಪಾಡು ಮಾಡುವರು. ದೀಪವನ್ನು ಬೆಳಗಿಸಬೇಕಾದರೆ ಕೋಣೆಯ ಹೆಸರನ್ನೂ ಸೇರಿಸಿ ಹೇಳುವರು. ಅಂದರೆ ಸ್ಥಾನವು ಸೋತೆಡೆಯಲ್ಲಿ ಶ್ರುತಿಯನ್ನು ಆಶ್ರಯಿಸುವರು.

ಇಷ್ಟನ್ನು ವಿಮರ್ಶಿಸಿ ನಾನು ಸಂತುಷ್ಟನಾಗಿದ್ದೆನು. ಹೀಗಿರಲು ಕಳೆದ ಮಳೆಗಾಲದ ಒಂದು ಸಂಜೆ ನನ್ನ ಧರ್ಮಪತ್ನಿಯು ಹಿತ್ತಿಲಿನ ಕಲ್ಲಿನ ಮೇಲೆ ಕಾಲುಜಾರಿ ಬಿದ್ದು, “ಯಾರಾದರೂ ಬನ್ನಿ” ಎಂದು ಕೂಗಿದಳು. ನಾನು ಜಗುಲಿಯಲ್ಲಿ ಓದುತ್ತಿದ್ದೆ. ಸೊಸೆಯು ಒಲೆಯ ಮುಂದೆ, ಮೊಮ್ಮಗನು ಪಾಠದ ಮುಂದೆ. ಮೂವರಿಗೂ ಕೇಳಿಸಿತು. ಅಡಿಗೆಮನೆಯವಳು ಹತ್ತಿರವಿದ್ದಾಳೆಂದು ನಾನೆಣಿಸಿದೆನು. ಹುಡುಗನು ಬಿಡುವಾಗಿದ್ದಾನೆಂದು ಅವಳು. ಅಜ್ಜಿಯು ಯಂತ್ರದೊಡನೆ ಮಾತನಾಡುತ್ತಿದ್ದಾಳೆಂದು ಅವನು. ನಾನು ಪುಟವನ್ನು ಮುಗಿಸಿಯೇ ಎದ್ದೆನು. ಈ ಸಂಗತಿಯನ್ನು ಬರೆಯಲು ನನಗೆ ನಾಚಿಕೆಯಿದೆ; ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಹೋಗಿ ನೋಡುವಷ್ಟರಲ್ಲಿ ಅವಳು ಮುರಿದ ಮುಂಗೈಯನ್ನು ಹಿಡಿದುಕೊಂಡು ತಾನೇ ಎದ್ದು ಗೋಡೆಗೊರಗಿ ನಿಂತಿದ್ದಳು.

ಈ ಯಂತ್ರಗಳೇ ಮನುಷ್ಯರನ್ನು ಜಡರನ್ನಾಗಿ ಮಾಡಿದುವು, ಇವನ್ನು ಹೊರಗೆಸೆಯತಕ್ಕದ್ದು ಎಂದು ಕೆಲವು ಮಿತ್ರರು ಪೂರ್ವಪಕ್ಷವನ್ನೆತ್ತಿದರು. ಮನೆಯಲ್ಲಿ ಏಳುವ ಕೂಗೆಲ್ಲವೂ ನಮಗಲ್ಲವೆಂಬ ಅಭ್ಯಾಸವು ಬೆಳೆದಿರುವುದು ನಿಜ, ಅಷ್ಟನ್ನು ಒಪ್ಪುವೆನು. ಆದರೆ ದೋಷದ ಮೂಲವು ಅವುಗಳಿಗಿಂತ ಹಳೆಯದು. ಹೆಚ್ಚು ಜನರು ಕೇಳಿಸಿಕೊಂಡಿದ್ದಾರೆಂದು ತಿಳಿದಷ್ಟೂ ಒಬ್ಬೊಬ್ಬನೂ ನೆರವಿಗೆ ಹೋಗಲು ತಡಮಾಡುವನೆಂಬುದನ್ನು ಡಾರ್ಲಿ ಮತ್ತು ಲಟಾನೆ ಎಂಬ ಅಮೇರಿಕಾದ ಮನಶ್ಶಾಸ್ತ್ರಜ್ಞರು ೧೯೬೮ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ಆಗ ಯಾರ ಮನೆಯಲ್ಲಿಯೂ ಇಂತಹ ಯಂತ್ರವಿರಲಿಲ್ಲ.

ವಾಸ್ತವವಾಗಿ ಯಂತ್ರದ ನಡತೆಯು ನಮ್ಮದಕ್ಕಿಂತ ಲೇಸಾಗಿತ್ತೆನ್ನಬೇಕು. ಮೂರರಲ್ಲಿ ಎರಡು ಸುಮ್ಮನಿರುವುದು ಮತ್ತೊಂದು ಉತ್ತರವೀಯುವುದೆಂಬ ನಿರ್ಣಯವಾದ ಮೇಲೆ. ನಾವು ಮೂವರು ಸುಮ್ಮನಿದ್ದುದು ನಿರ್ಣಯವಿಲ್ಲದೆ, ಬರಿಯ ಊಹೆಯಿಂದ. ಮೊದಲನೆಯದು ವ್ಯವಸ್ಥೆಯ ಮೌನ, ಎರಡನೆಯದು ಉಪೇಕ್ಷೆಯ ಮೌನ. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕೇಳಿಸುವುದರಿಂದಲೇ ನಾವು ಮೋಸಹೋಗುವೆವು. “ಯಾರಾದರೂ” ಎಂಬ ಕರೆಯಲ್ಲಿ ಯಾರೊಬ್ಬರ ಹೆಸರೂ ಇಲ್ಲ, ಆದಕಾರಣ ನಮಗೆ ವಿಧಿಯಿಲ್ಲ ಎನ್ನಬಹುದೇ? ಎಲ್ಲರಿಗೂ ವಿಧಿಸಿದುದನ್ನು ಯಾರಿಗೂ ವಿಧಿಸಿದುದಲ್ಲವೆಂದು ಅರ್ಥಮಾಡುವುದು ಸೋಮಾರಿಗಳ ಮೀಮಾಂಸೆ. ಅಂತಹ ಕರೆಯಲ್ಲಿ ಕೇಳಿದ ಪ್ರತಿಯೊಬ್ಬನೂ ಪೂರ್ಣವಾಗಿ ಹೊಣೆಗಾರನು. ಮತ್ತೊಬ್ಬನು ಆ ಹೊಣೆಯನ್ನು ವಹಿಸಿಕೊಂಡನೆಂದು ನಿಶ್ಚಯವಾದಾಗಲೇ ಅವನಿಗೆ ಬಿಡುಗಡೆ. ಇದೇ ನನಗೆ ತೋರಿದ ಸಿದ್ಧಾಂತ.

ಆ ರಾತ್ರಿ ಕೈಗೆ ಕಟ್ಟು ಹಾಕಿಸಿಕೊಂಡು ಬಂದಮೇಲೆ ನಾನು ಕ್ಷಮೆಯನ್ನು ಬೇಡಿದೆನು. ಅವಳು, “ಬರುವುದಕ್ಕೆ ತಡವಾದರೆ ಆಗಲಿ. ಒಬ್ಬರಾದರೂ ಓ ಎಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ,” ಎಂದಳು. ನಲವತ್ತು ವರ್ಷ ಅವಳ ಕರೆಗಳನ್ನು ಕೇಳಿಸಿಕೊಂಡ ನನಗೆ ಈ ಮಾತು ಹೊಳೆದಿರಲಿಲ್ಲ. ಕರೆಯುವವರಿಗೆ ಮೊದಲು ಬೇಕಾದುದು ಕೆಲಸವಲ್ಲ, ತಾವು ಒಂಟಿಯಲ್ಲವೆಂಬ ತಿಳಿವಳಿಕೆ.

ಯಂತ್ರಗಳು ಇದ್ದಲ್ಲಿಯೇ ಇರುವುವು. ಈಗ ನಮ್ಮ ಮನೆಯಲ್ಲಿ ಯಾರು ಕರೆದರೂ ಮೂರು ಕಡೆಯಿಂದ ಮೂರು ಓಗಳು ಕೇಳಿಬರುವುವು. ಸ್ವಲ್ಪ ಗದ್ದಲವೇ ಸರಿ. ಯಂತ್ರಗಳಲ್ಲಿ ಯಾವುದನ್ನು ದೋಷವೆಂದು ತಿದ್ದಿದರೋ ಅದನ್ನೇ ನಾವು ಮನುಷ್ಯರು ಇಚ್ಛಾಪೂರ್ವಕವಾಗಿ ಉಳಿಸಿಕೊಂಡಿರುವೆವು.