ಬಾಡಿಗೆ ಮಣ್ಣಿನ ಋಣ

ದಿಲ್ಲಿಯಲ್ಲಿ ಬೇವಿನ ಮರ ಎಲೆ ಉದುರಿಸುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಹೋಳಿ ಹೊತ್ತಿಗೆ ರಸ್ತೆ ಬದಿಯೆಲ್ಲ ಹಳದಿ ರಾಶಿ. ಮೊದಲು ನಮ್ಮ ಬೀದಿಯಲ್ಲಿ ಅದನ್ನು ಗುಡಿಸಿ ಬೆಂಕಿ ಹಚ್ಚುತ್ತಿದ್ದರು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಡುವವರಿಗೆ 5,000 ರೂಪಾಯಿ ದಂಡ ವಿಧಿಸಿದ ಮೇಲೆ ಚೀಲಕ್ಕೆ ತುಂಬಿ ಗೇಟಿನ ಪಕ್ಕ ಇಡತೊಡಗಿದರು.

ಕಳೆದ ವರ್ಷ ನನ್ನ ಹೆಂಡತಿ ಅಂಥ ನಾಲ್ಕು ಚೀಲ ಎಳೆದು ತಂದಳು. ಮನೆ ಮುಂದಿನ ಹೂವಿನ ಪಾತಿಯ ಕಳೆ ಕಿತ್ತು, ಮಣ್ಣು ಚೆನ್ನಾಗಿ ತೋಯಿಸಿ, ಮೇಲೆ ನಾಲ್ಕು ಬೆರಳು ದಪ್ಪ ಎಲೆ ಹರವಿದಳು. ಗುಲಾಬಿ, ಮಲ್ಲಿಗೆಯ ಬುಡದ ಸುತ್ತ ಮಾತ್ರ ಸ್ವಲ್ಪ ಜಾಗ ಬಿಟ್ಟಳು. ಎಲೆ ಒತ್ತಿಕೊಂಡರೆ ಬುಡ ಕೊಳೆಯುತ್ತದಂತೆ.

ನಾನು ಬ್ಯಾಂಕಿನವನು, ಲೆಕ್ಕ ಬಿಡಲಿಲ್ಲ. “ಇದು ಹನ್ನೊಂದು ತಿಂಗಳ ಕರಾರಿನ ಮನೆ ಮಾರಾಯ್ತಿ. ಎಲೆ ಗೊಬ್ಬರ ಆಗೋ ಹೊತ್ತಿಗೆ ನಾವು ಎಲ್ಲಿರ್ತೇವೋ!”

“ಬಿಸಿಲು ಈ ವರ್ಷದ್ದೇ ಅಲ್ವಾ ರೀ?” ಅಂದಳು.

ಮೇ ತಿಂಗಳ ಉರಿಯಲ್ಲಿ ಪಕ್ಕದ ಮನೆಯವರು ದಿನಕ್ಕೆರಡು ಸಲ ನೀರು ಹಾಕುತ್ತಿದ್ದರೆ ನಮಗೆ ಎರಡು ದಿನಕ್ಕೊಮ್ಮೆ ಸಾಕಾಯಿತು. ಎಲೆ ಸರಿಸಿದರೆ ಕೆಳಗೆ ತಂಪು ಮಣ್ಣು. ಹಾಗಾದರೆ ಇದು ಪರೋಪಕಾರವಲ್ಲ, ನಮಗೂ ಲಾಭವೇ ಎಂದು ಸಮಾಧಾನಪಟ್ಟುಕೊಂಡೆ. ಆದರೆ ಚಳಿಗಾಲದಲ್ಲಿ ಮಾಲೀಕರು ಮನೆ ಬಿಡಲು ಹೇಳಿದರು. ಮಲ್ಲಿಗೆಯನ್ನಾದರೂ ಕಿತ್ತುಕೊಂಡು ಹೋಗೋಣ ಎಂದೆ. ಅವಳು ಒಪ್ಪಲಿಲ್ಲ. ಹೊರಡುವ ದಿನವೂ ಒಂದು ಕೊಡ ನೀರು ಹಾಕಿಯೇ ಬಂದಳು.

ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದಾಗ ನಾಚಿಕೆಯಾಯಿತು. ನಾನು ಶಿರಸಿ ಕಡೆಯವನು. ಅಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಎಂದಿದೆ. ಬೆಟ್ಟ ನಮ್ಮ ಸ್ವಂತದ್ದಲ್ಲ, ಸೊಪ್ಪಿನ ಹಕ್ಕು ಮಾತ್ರ ನಮ್ಮದು. ಅಲ್ಲಿಂದ ಅಜ್ಜ, ಅಪ್ಪ ಸೊಪ್ಪು ತಂದು ತೋಟಕ್ಕೆ ಮುಚ್ಚಿದರು. ಅಜ್ಜಿ ಹೆಡಿಗೆ ತುಂಬಾ ದರಕು ಗುಡಿಸಿ ಕೊಟ್ಟಿಗೆಗೆ ಹಾಸಿದಳು. ಆ ಅಡಿಕೆ ಮಾರಿದ ದುಡ್ಡಿನಲ್ಲಿ ನಾನು ಎಂ.ಕಾಂ. ಓದಿದೆ. ಓದಿ ಊರು ಬಿಟ್ಟೆ. ಆ ತೋಟಕ್ಕೆ ನಾನು ಒಂದು ಹೆಡಿಗೆ ಸೊಪ್ಪನ್ನೂ ಹೊತ್ತು ಹಾಕಿಲ್ಲ. ಈಗಲೂ ಹಾಕುತ್ತಿರುವವನು ತಮ್ಮ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಯಾವ ಶಾಖೆಯಲ್ಲಿ ಸಾಲ ತೆಗೆದರೋ ಅಲ್ಲೇ ಹೋಗಿ ಕಟ್ಟಬೇಕಿತ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಎಲ್ಲಿ ಕಟ್ಟಿದರೂ ಜಮಾ ಆಗುತ್ತದೆ. ಮಣ್ಣಿನ ಸಾಲಕ್ಕೂ ಹಾಗೆಯೇ ಉಂಟೇ? ಊರಲ್ಲಿ ಪಡೆದದ್ದನ್ನು ದಿಲ್ಲಿಯ ಬಾಡಿಗೆ ಪಾತಿಯಲ್ಲಿ ತೀರಿಸಬಹುದೇ? ಪೂರ್ತಿ ತೀರುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ತಮ್ಮನ ಬೆನ್ನುನೋವು ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಅಲ್ಲಿ ಕಟ್ಟಲಾಗಲಿಲ್ಲವೆಂದು ಇಲ್ಲಿಯೂ ಕಟ್ಟದೆ ಕೂತವನಿಗೆ ಸುಸ್ತಿದಾರ ಎನ್ನದೆ ಮತ್ತೇನು ಹೇಳುವುದು?

ಹೊಸ ಮನೆಯ ಮುಂದೆಯೂ ಒಂದು ಪಾತಿ ಇದೆ. ಕರಾರು ಹನ್ನೊಂದೇ ತಿಂಗಳು. ಈ ಸಲ ಎಲೆ ಚೀಲ ಹೊತ್ತು ತಂದವನು ನಾನೇ.