ತಿಗಡೆಯ ಬೇರು ಮತ್ತು ವ್ರತದ ಮೇರೆ

ಮಳೆ ಬಿದ್ದು ಚಾತುರ್ಮಾಸವು ಮೊದಲಾದೊಡನೆ ಇಂಡಿ, ಸಿಂದಗಿ, ಕನ್ನೊಳ್ಳಿಗಳ ಎರೆ ಸೀಮೆಯಲ್ಲಿ ಹೊಲದ ಬದುಗಳ ಮೇಲೂ ಬೇಲಿಗಳ ಮೇಲೂ ಕಹಳೆಯಾಕಾರದ ಹೂ ಬಿಡುವ ಬಳ್ಳಿಗಳು ಹಬ್ಬುತ್ತವೆ. ಈ ಬಳ್ಳಿಗಳ ಕುಟುಂಬಕ್ಕೆ ಸೇರಿದ ಕಾಡುಬಳ್ಳಿಗಳಲ್ಲಿ ತಿಗಡೆಯೂ ಒಂದು. ಅದರ ಹೂವು ಬಿಳಿ, ಕಾಂಡಕ್ಕೆ ರೆಕ್ಕೆಯಂತಹ ಏಣುಗಳು, ಬೇರು ದಪ್ಪ. ಸಂಸ್ಕೃತದಲ್ಲಿ ಇದಕ್ಕೆ ತ್ರಿವೃತ್ ಎಂದು ಹೆಸರು. ಸುಖವಾಗಿ ವಿರೇಚನ ಮಾಡಿಸುವ ದ್ರವ್ಯಗಳಲ್ಲಿ ಇದೇ ಶ್ರೇಷ್ಠವೆಂದು ಚರಕಸಂಹಿತೆಯು ಹೇಳುತ್ತದೆ.

ಕಂದಮೂಲಗಳನ್ನು ತ್ಯಜಿಸಿದ ವೃದ್ಧ ಶ್ರಾವಿಕೆಯೊಬ್ಬಳಿಗೆ ಉದರವ್ಯಾಧಿಯುಂಟಾಗಿ, ವೈದ್ಯರು ತಿಗಡೆಬೇರಿನ ಚೂರ್ಣವನ್ನು ಕೊಟ್ಟರೆಂದು ಭಾವಿಸೋಣ. “ಔಷಧಕ್ಕೆ ದೋಷವಿಲ್ಲವ್ವಾ, ತೆಗೆದುಕೊಳ್ಳು” ಎಂದು ಮಗನು ಹೇಳುತ್ತಾನೆ. “ಎಷ್ಟಾದರೂ ಅದು ಮೂಲವೇ ತಾನೆ?” ಎಂದು ತಾಯಿಯು ಕೇಳುತ್ತಾಳೆ. ಇಬ್ಬರಲ್ಲಿ ಯಾರ ಮಾತು ಸರಿ?

ಮೊದಲು ತ್ಯಾಗದ ಕಾರಣವನ್ನು ತಿಳಿಯಬೇಕು. ತಿಗಡೆಯ ಕುಟುಂಬಕ್ಕೇ ಸೇರಿದ ಗೆಣಸನ್ನು ನಮ್ಮ ನೆರೆಯವರು ಏಕಾದಶಿ, ಶಿವರಾತ್ರಿಗಳಲ್ಲಿ ಉಪವಾಸದ ಆಹಾರವೆಂದು ಬೇಯಿಸಿ ತಿನ್ನುತ್ತಾರೆ. ನಾವು ಅದನ್ನು ವರ್ಜಿಸುತ್ತೇವೆ. ಆದರೆ ಗೆಣಸು ಅಮೆರಿಕಾ ಖಂಡದಿಂದ ಬಂದದ್ದು. ನಮ್ಮ ಪೂರ್ವಾಚಾರ್ಯರು ಅದನ್ನು ಕಂಡವರಲ್ಲ. ಹಾಗಿದ್ದರೂ ಅದು ವರ್ಜ್ಯವಾದದ್ದು ಹೆಸರಿನಿಂದಲ್ಲ, ಲಕ್ಷಣದಿಂದ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಈ ಲಕ್ಷಣವನ್ನು ತಿಳಿಸಿದ್ದಾರೆ: ಸಿರೆ, ಸಂಧಿ, ಗಿಣ್ಣುಗಳು ಹೊರಗೆ ಕಾಣದೆ, ಮುರಿದರೆ ಸಮವಾಗಿ ಮುರಿದು, ನಾರು ಉಳಿಯದೆ, ಕಡಿದರೂ ಮತ್ತೆ ಚಿಗುರುವುದು ಅನಂತಜೀವಗಳಿಗೆ ಆಶ್ರಯವಾದ ಶರೀರ. 1359ರಲ್ಲಿ ಕೇಶವವರ್ಣಿಯು ಈ ಗ್ರಂಥಕ್ಕೆ ಕನ್ನಡದಲ್ಲೇ ವೃತ್ತಿಯನ್ನು ರಚಿಸಿದನೆಂಬುದು ನಮ್ಮ ನಾಡಿನ ಭಾಗ್ಯ.

ಎರಡನೆಯದಾಗಿ, ಹಸಿಯದಕ್ಕೂ ಒಣಗಿದ್ದಕ್ಕೂ ಇರುವ ಭೇದ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಫಲ ಅಲ್ಪ, ಘಾತ ಬಹಳವಾದ ವಸ್ತುಗಳನ್ನು ಬಿಡಬೇಕೆಂದು ವಿಧಿಸುವಾಗ, ಮೂಲಂಗಿಯ ಜೊತೆಗೆ ಶುಂಠಿಯನ್ನು ಹೆಸರಿಸಿ, ಅದಕ್ಕೆ ‘ಹಸಿಯ’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ನಮ್ಮ ಮನೆಗಳಲ್ಲಿ ಅಲ್ಲವನ್ನು ಬಿಟ್ಟವರೂ ಒಣಶುಂಠಿಯನ್ನು ಬಳಸುವುದು ಇದರಿಂದಲೇ. ಐದನೆಯ ಪ್ರತಿಮೆಯಾದ ಸಚಿತ್ತತ್ಯಾಗವನ್ನು ವಿವರಿಸುವಲ್ಲಿಯೂ ಅವರು ಮೂಲಫಲಾದಿಗಳನ್ನು ಹಸಿಯಾಗಿ ತಿನ್ನದಿರುವುದನ್ನೇ ಹೇಳಿದ್ದಾರೆ. ಆದುದರಿಂದ ಒಣಗಿಸಿ ಪುಡಿ ಮಾಡಿದ ತಿಗಡೆಬೇರು ಅಚಿತ್ತವೆಂದು ಮಗನು ವಾದಿಸಿದರೆ ಅದು ನಿರಾಧಾರವಲ್ಲ.

ಆದರೆ ವಿಚಾರವು ಇಲ್ಲಿಗೆ ಮುಗಿಯದು. ಬೇರು ಒಣಗಿದಾಗ ವಸ್ತುವಿನಿಂದ ಜೀವವು ಹೋಯಿತು. ಅಗೆದ ಕ್ರಿಯೆಯಿಂದ ಹಿಂಸೆಯು ಹೋಗಲಿಲ್ಲ. ಹಣ್ಣನ್ನು ಕೊಯ್ದರೆ ಬಳ್ಳಿ ಉಳಿಯುತ್ತದೆ. ಬೇರನ್ನು ಅಗೆದರೆ ಬಳ್ಳಿಯೊಡನೆ ಮಣ್ಣಿನೊಳಗಿನ ತ್ರಸಜೀವಿಗಳೂ ನಾಶವಾಗುತ್ತವೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿ ಕೊಳ್ಳುವವನು ಮೂರನೆಯದರಿಂದ ಪೂರ್ಣವಾಗಿ ತಪ್ಪಿಸಿಕೊಳ್ಳಲಾರನು. ಆದಕಾರಣ ಮೊದಲು ವೈದ್ಯರನ್ನೇ ಕೇಳಬೇಕು: ಅಳಲೆಕಾಯಿಯಿಂದಾಗಲಿ, ಕಕ್ಕೆಕಾಯಿಯ ತಿರುಳಿನಿಂದಾಗಲಿ, ಸೋನಾಮುಖಿ ಎಲೆಯಿಂದಾಗಲಿ ಈ ಕಾರ್ಯವು ಸಾಧ್ಯವಲ್ಲವೇ? ಸಾಧ್ಯವಿದ್ದರೆ ಬೇರಿನ ಗೊಡವೆ ಬೇಡ. ಅಲ್ಪಫಲ-ಬಹುಘಾತವೆಂಬ ಸೂತ್ರವು ಅಡಿಗೆಮನೆಯಂತೆ ಔಷಧದ ಪೆಟ್ಟಿಗೆಗೂ ಅನ್ವಯಿಸುತ್ತದೆ. ಔಷಧವೆಂದ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಲ್ಲವೆಂಬುದಕ್ಕೆ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೇ ಸಾಕ್ಷಿ. 1940ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಿಂದ ಅಚ್ಚಾಗಿ ಬಂದ ಈ ವೈದ್ಯಗ್ರಂಥವು ಚಿಕಿತ್ಸೆಯಲ್ಲಿಯೂ ಮಾಂಸವನ್ನು ನಿಷೇಧಿಸಿ ವಾದಿಸುತ್ತದೆ.

ಬೇರೆ ಔಷಧವಿಲ್ಲವೆಂದಾದರೆ? ಆಗ ನಿರ್ಣಾಯಕವಾದುದು ಪ್ರತಿಜ್ಞೆಯ ಮಾತು. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತವೆಂದು ಸಮಂತಭದ್ರರ ಲಕ್ಷಣ. ಅವರು ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ಯಾವಜ್ಜೀವದ್ದನ್ನು ಯಮವೆಂದೂ ವಿಂಗಡಿಸಿದ್ದಾರೆ. “ಒಣಗಿದ್ದಾಗಲಿ, ಔಷಧವಾಗಲಿ, ಯಾವ ಬೇರನ್ನೂ ಸೇವಿಸೆನು” ಎಂದು ಗುರುಸಾಕ್ಷಿಯಾಗಿ ನುಡಿದ ತಾಯಿಗೆ ಮಗನ ತರ್ಕವು ಸಲ್ಲದು. ಆಕೆಯ ಮೇರೆಯನ್ನು ಮನೆಯವರು ಗೌರವಿಸಬೇಕು. ಹಸಿಯ ಕಂದಮೂಲಗಳನ್ನು ಮಾತ್ರ ಬಿಟ್ಟ ತಾಯಿಯು ಚೂರ್ಣವನ್ನು ಸೇವಿಸಿದರೆ ಅದನ್ನು ವ್ರತಭಂಗವೆಂದು ಯಾರೂ ಹೀಯಾಳಿಸಬಾರದು. ಬೇನೆಯಲ್ಲಿ ಮೇರೆಯನ್ನು ಸಡಿಲಿಸುವುದು ಎಷ್ಟು ತಪ್ಪೋ, ನೆರೆಯವರ ಹೊಗಳಿಕೆಗಾಗಿ ಬಿಗಿಯುವುದೂ ಅಷ್ಟೇ ತಪ್ಪು.

ಇನ್ನೊಂದು ಎಚ್ಚರಿಕೆ ಅವಶ್ಯ. ಉಪವಾಸಕ್ಕೆ ಮುನ್ನ ಹೊಟ್ಟೆ ಹಗುರಾಗಲೆಂದು ವಿರೇಚನ ತೆಗೆದುಕೊಳ್ಳುವವರುಂಟು. ವಿರೇಚನದಿಂದ ದೇಹದ ನೀರು, ಲವಣಗಳು ಹೊರಹೋಗುತ್ತವೆ. ನಮ್ಮ ಉಪವಾಸದಲ್ಲಿ ನೀರೂ ವರ್ಜ್ಯ. ಎರಡೂ ಕೂಡಿದರೆ ವೃದ್ಧರ ಪ್ರಾಣಕ್ಕೇ ಅಪಾಯ. ಉಪವಾಸದ ದಿನ ಸ್ನಾನ, ಅಂಜನ, ನಸ್ಯಗಳನ್ನು ಕೂಡ ಬಿಡಲು ಹೇಳಿದ ಆಚಾರ್ಯರ ಆಶಯ ದೇಹದ ಉಪಚಾರವಲ್ಲ. ತಿಗಡೆಯು ಕೋಷ್ಠವನ್ನು ತೊಳೆದೀತು. ಕರ್ಮದ ನಿರ್ಜರೆಯಾಗುವುದು ತಪಸ್ಸಿನಿಂದ. ಒಂದನ್ನು ಮತ್ತೊಂದೆಂದು ಭ್ರಮಿಸಬಾರದು.

ಆದುದರಿಂದ ಧರ್ಮಬಂಧುಗಳು ಈ ದಶಲಕ್ಷಣ ಪರ್ವದಲ್ಲಿ ವ್ರತವನ್ನು ಸ್ವೀಕರಿಸುವಾಗಲೇ ಔಷಧದ ವಿಷಯವನ್ನು ಸ್ಪಷ್ಟವಾಗಿ ನುಡಿದು, ಗುರುಗಳಲ್ಲಿ ಅರಿಕೆ ಮಾಡಿ, ಮನೆಯವರಿಗೂ ತಿಳಿಸಿರಲಿ. ಆರೋಗ್ಯವಿದ್ದಾಗ ಎಳೆದ ಮೇರೆಯು ಬೇನೆ ಬಂದಾಗ ತಾಯಿಗೂ ಮಗನಿಗೂ ದಾರಿ ತೋರಿಸುತ್ತದೆ.